ಮಗಳ ಮೊದಲ ರಾಕ್ ಕಾನ್ಸರ್ಟಿಗೆ ಜೊತೆಯಾಗಿ ಹೋಗುತ್ತಿದ್ದೇನೆ, ತಿಳಿದವರು ದಾರಿ ತೋರಿಸಬೇಕು

ಪ್ರಶ್ನೆ: ಭಾಲ್ಕಿಯಿಂದ, ಕನ್ನಡ ಶಿಕ್ಷಕ

ಎಲ್ಲರಿಗೂ ಶರಣು ಶರಣಾರ್ಥಿ. ನಾನು ಭಾಲ್ಕಿಯಲ್ಲಿ ಪ್ರೌಢಶಾಲೆಯ ಕನ್ನಡ ಶಿಕ್ಷಕನಾಗಿದ್ದೇನೆ. ನನ್ನ ಮಗಳಿಗೆ 16 ವರ್ಷ, ಪಿಯುಸಿ ಮೊದಲ ವರ್ಷದಲ್ಲಿ ಓದುತ್ತಿದ್ದಾಳೆ. ಎಂಟನೆಯ ತರಗತಿಯಲ್ಲಿದ್ದಾಗಲೇ ಅವಳಿಗೆ ರಾಕ್ ಮತ್ತು ಮೆಟಲ್ ಸಂಗೀತದ ಗೀಳು ಹತ್ತಿತು. ಮೆಟಾಲಿಕಾ, ಐರನ್ ಮೇಡನ್, ಪಿಂಕ್ ಫ್ಲಾಯ್ಡ್ ಮೊದಲಾದ ಹೆಸರುಗಳನ್ನು ನಾನು ಅವಳಿಂದಲೇ ಕೇಳಿ ತಿಳಿದವನು. ಯೂಟ್ಯೂಬ್ ನೋಡಿಕೊಂಡು ಗಿಟಾರ್ ಕಲಿಯುತ್ತಿರುವ ಅವಳು ಓದಿನಲ್ಲಿ ಹಿಂದೆ ಬಿದ್ದವಳಲ್ಲ. ಆದರೆ ತಾನು ಇಷ್ಟೊಂದು ಹಚ್ಚಿಕೊಂಡಿರುವ ಸಂಗೀತವನ್ನು ಇಂದಿನವರೆಗೆ ಮೊಬೈಲಿನಲ್ಲಿ, ಇಯರ್‌ಫೋನಿನಲ್ಲಿ ಮಾತ್ರ ಕೇಳಿದ್ದಾಳೆ. ನುಡಿಸುವವರ ಎದುರಿಗೆ ನಿಂತು ಒಮ್ಮೆಯೂ ಕೇಳಿಲ್ಲ.

ಬರುವ ತಿಂಗಳು ಹೈದರಾಬಾದಿನ ಗಚ್ಚಿಬೌಲಿ ಕಡೆಯ ಬಯಲೊಂದರಲ್ಲಿ ರಾಕ್ ಕಾನ್ಸರ್ಟ್ ಇದೆ. ಅವಳು ಕೇಳಿದಳು, ನಾನು ಒಪ್ಪಿದೆ, ಎರಡು ಟಿಕೆಟ್ ತೆಗೆದದ್ದೂ ಆಯಿತು. ಅವಳ ಗೆಳತಿಯರ ಮನೆಗಳಲ್ಲಿ ಯಾರೂ ಕಳುಹಿಸಲು ಒಪ್ಪದ ಕಾರಣ ನಾನೇ ಜೊತೆಗಾರ. ಆದ್ದರಿಂದ ಹೋಗಬೇಕೋ ಬೇಡವೋ ಎಂಬುದು ನನ್ನ ಪ್ರಶ್ನೆಯಲ್ಲ. ಹೇಗೆ ಹೋಗಬೇಕು, ಹೇಗೆ ಕೇಳಬೇಕು ಎಂಬುದು ನನ್ನ ಪ್ರಶ್ನೆ.

ನಾನು ಭಜನಾ ಮೇಳದ ಮನೆಯಲ್ಲಿ ಹುಟ್ಟಿದವನು. ತಂದೆಯವರು ಹಾರ್ಮೋನಿಯಂ ನುಡಿಸುತ್ತಿದ್ದರು, ಈಗ ಆ ಪೆಟ್ಟಿಗೆ ನನ್ನ ಕೈಯಲ್ಲಿದೆ. ಕಡಕೋಳ ಮಡಿವಾಳಪ್ಪನವರ, ಶಿಶುನಾಳ ಶರೀಫರ ತತ್ವಪದಗಳನ್ನು ಏಕತಾರಿ, ದಮ್ಮಡಿ, ತಾಳಗಳ ಜೊತೆ ಬೆಳಗಿನ ಜಾವದವರೆಗೆ ಹಾಡುವ ರಾತ್ರಿಗಳಲ್ಲಿ ಮಗಳು ಚಿಕ್ಕವಳಿದ್ದಾಗಿನಿಂದ ನನ್ನ ಮಗ್ಗುಲಲ್ಲಿ ಕುಳಿತು ಕೇಳಿದ್ದಾಳೆ, ನಿದ್ದೆ ಬಂದರೂ ಎದ್ದು ಹೋದವಳಲ್ಲ. ನನ್ನ ಸಂಗೀತಕ್ಕೆ ಅವಳು ಕೊಟ್ಟ ಗೌರವವನ್ನು ಅವಳ ಸಂಗೀತಕ್ಕೆ ನಾನೂ ಕೊಡಬೇಕೆಂಬ ಆಸೆ ನನಗಿದೆ. ಕಾವಲುಗಾರನಂತೆ ಒಂದು ಮೂಲೆಯಲ್ಲಿ ನಿಂತು ಗಡಿಯಾರ ನೋಡುತ್ತಿರಲು ನನಗೆ ಮನಸ್ಸಿಲ್ಲ. ಆದರೆ ಅವಳು ಕೇಳಿಸುವ ಹಾಡುಗಳು ಕಿವಿಗೆ ಬಿದ್ದಾಗ, ಆ ಅಬ್ಬರದೊಳಗೆ ಎಲ್ಲಿಂದ ಹಿಡಿದು ಕೇಳಬೇಕೆಂಬುದೇ ನನಗೆ ತಿಳಿಯುವುದಿಲ್ಲ. ಸ್ವರ ಎಲ್ಲಿದೆ, ತಾಳ ಯಾವುದು, ಗಾಯಕ ಏಕೆ ಕೂಗುತ್ತಾನೆ, ತಂಡದವರ ಅಂಗಿಗಳ ಮೇಲೆ ತಲೆಬುರುಡೆಗಳೇಕೆ ಎಂಬುದನ್ನು ಬಲ್ಲವರು ಸ್ವಲ್ಪ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಇನ್ನೆರಡು ಚಿಂತೆಗಳಿವೆ. ಅಷ್ಟು ದೊಡ್ಡ ಶಬ್ದದಿಂದ ಮಗಳ ಕಿವಿಗೆ ಕೆಡುಕಾಗುವುದೇ ಎಂಬುದು ಒಂದು. ಜನದಟ್ಟಣೆ ಎರಡನೆಯದು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡ ಸುದ್ದಿಯನ್ನು ನನ್ನ ಮನೆಯವರು ಇಂದಿಗೂ ಮರೆತಿಲ್ಲ, ಕಾನ್ಸರ್ಟಿನ ಮಾತು ಬಂದಾಗಲೆಲ್ಲ ಅದನ್ನೇ ನೆನಪಿಸುತ್ತಾರೆ. ಅವರ ಆತಂಕ ಸುಳ್ಳಲ್ಲವೆಂದು ನನಗೂ ಅನಿಸುತ್ತದೆ.

ಉತ್ತರ: ಕಲಬುರಗಿಯಿಂದ, ಸೌಂಡ್ ಸಿಸ್ಟಮ್ ವೃತ್ತಿಯವರು

ಗುರುಗಳೇ, ಶರಣು. ಜಾತ್ರೆ, ಮದುವೆ, ನಾಟಕ, ಆರ್ಕೆಸ್ಟ್ರಾಗಳಿಗೆ ಸೌಂಡ್ ಕೊಡುವುದು ನನ್ನ ಉದ್ಯೋಗ. ಓದುವ ದಿನಗಳಲ್ಲಿ, 2011ರ ಅಕ್ಟೋಬರ್ 30ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಮಳೆಗೆ ಕೆಸರಾದ ನೆಲದಲ್ಲಿ ನಿಂತು ಕೇಳಿದವರಲ್ಲಿ ನಾನೂ ಒಬ್ಬ. ಅದಕ್ಕೂ ಎರಡು ದಿನ ಮುಂಚೆ ದೆಹಲಿಯ ಬಳಿಯ ಗುರುಗ್ರಾಮದಲ್ಲಿ ನಡೆಯಬೇಕಿದ್ದ ಅವರ ಕಾರ್ಯಕ್ರಮ ನಿಂತುಹೋಗಿದ್ದರಿಂದ, ಆ ತಂಡ ನಮ್ಮ ದೇಶದಲ್ಲಿ ಮೊಟ್ಟಮೊದಲು ನುಡಿಸಿದ ನೆಲ ಬೆಂಗಳೂರಿನದಾಯಿತು. ಕಿವಿಯ ವಿಷಯ ನನ್ನ ವೃತ್ತಿಗೆ ಸೇರಿದ್ದಾದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಶಬ್ದವನ್ನು ಅಳೆಯುವ ಡೆಸಿಬಲ್ ಲೆಕ್ಕದಲ್ಲಿ 3 ಹೆಚ್ಚಾದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ, ಆದ್ದರಿಂದ ಕಿವಿ ಅದನ್ನು ಸುರಕ್ಷಿತವಾಗಿ ತಾಳಿಕೊಳ್ಳುವ ಸಮಯ ಅರ್ಧಕ್ಕೆ ಇಳಿಯುತ್ತದೆ. ಕಾರ್ಖಾನೆಗಳ ಕೆಲಸಗಾರರಿಗಾಗಿ ಅಮೆರಿಕದ ತಜ್ಞ ಸಂಸ್ಥೆಯೊಂದು ಹಾಕಿಕೊಟ್ಟ ಲೆಕ್ಕದ ಪ್ರಕಾರ 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆ ಕೇಳಬಹುದು, 88 ಆದರೆ 4 ಗಂಟೆ, 94 ಆದರೆ 1 ಗಂಟೆ, 100 ಆದರೆ ಕೇವಲ 15 ನಿಮಿಷ. ರಾಕ್ ಕಾನ್ಸರ್ಟಿನಲ್ಲಿ ವೇದಿಕೆಯ ಹತ್ತಿರ 100 ಡೆಸಿಬಲ್ ಮತ್ತು ಅದಕ್ಕಿಂತ ಹೆಚ್ಚಿನ ಶಬ್ದ ಸಾಮಾನ್ಯ. ಎರಡು ಮೂರು ಗಂಟೆ ನಡೆಯುವ ಕಾರ್ಯಕ್ರಮವನ್ನು ಬರಿಗಿವಿಯಲ್ಲಿ ಅಲ್ಲಿ ನಿಂತು ಕೇಳಿದರೆ ಏನಾಗುತ್ತದೆ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಇಂಥ ಕಾರ್ಯಕ್ರಮಗಳಿಗಾಗಿಯೇ 2022ರಲ್ಲಿ ಒಂದು ಮಾನದಂಡವನ್ನು ಹೊರಡಿಸಿ, ಯಾವುದೇ 15 ನಿಮಿಷಗಳ ಸರಾಸರಿ 100 ಡೆಸಿಬಲ್ ಮೀರಬಾರದೆಂದೂ, ಕೇಳುಗರಿಗೆ ಕಿವಿಯ ರಕ್ಷಣೆ ದೊರೆಯಬೇಕೆಂದೂ ಹೇಳಿದೆ. ಅದನ್ನು ಎಲ್ಲರೂ ಪಾಲಿಸುತ್ತಾರೆಂದು ನಂಬಿಕೊಂಡು ಹೋಗಬೇಡಿ.

ಪರಿಹಾರ ಸುಲಭವಾಗಿದೆ, ಅಗ್ಗವೂ ಆಗಿದೆ. ಔಷಧ ಅಂಗಡಿಯಲ್ಲಿ ಅಥವಾ ಆನ್‌ಲೈನಿನಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ ಸಾಕು. ಅದನ್ನು ಬೆರಳುಗಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಎಳೆದು ಹಿಡಿದು, ಒಳಗೆ ಸೇರಿಸಿ, ಅದು ಉಬ್ಬಿಕೊಳ್ಳುವವರೆಗೆ ಬೆರಳಿನಿಂದ ಒತ್ತಿ ಹಿಡಿಯಬೇಕು. ಹೀಗೆ ಸರಿಯಾಗಿ ಕೂತರೆ ಅದು 20 ಡೆಸಿಬಲ್‌ಗೂ ಹೆಚ್ಚು ಶಬ್ದವನ್ನು ತಡೆಯಬಲ್ಲದು. ಕಿವಿಯ ಬಾಯಿಯಲ್ಲಷ್ಟೇ ಸಿಕ್ಕಿಸಿಕೊಂಡರೆ ಹೆಚ್ಚಿನ ಪ್ರಯೋಜನವಿಲ್ಲ. ಸ್ಪಂಜಿನದು ತಾರಸ್ವರಗಳನ್ನು ಹೆಚ್ಚು ನುಂಗುವುದರಿಂದ ಹಾಡು ಸ್ವಲ್ಪ ಮಂಕಾಗಿ ಕೇಳುತ್ತದೆ. ನಿಮ್ಮ ಮಗಳು ಗಿಟಾರ್ ನುಡಿಸುವವಳಾದ್ದರಿಂದ, ಸಂಗೀತಗಾರರಿಗಾಗಿಯೇ ಮಾಡಿದ, ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವ ಇಯರ್‌ಪ್ಲಗ್ ಕೊಡಿಸಿದರೆ ಅದು ಅವಳಿಗೆ ಮುಂದೆಯೂ ಬಳಕೆಗೆ ಬರುತ್ತದೆ. ಹತ್ತಿ ತುಂಬಿಕೊಂಡರೆ ಸಾಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಹತ್ತಿ ಈ ಮಟ್ಟದ ಶಬ್ದವನ್ನು ತಡೆಯುವುದಿಲ್ಲ.

ಎಲ್ಲಿ ನಿಲ್ಲಬೇಕೆಂಬುದಕ್ಕೆ ನನ್ನ ಉತ್ತರ ಒಂದೇ. ವೇದಿಕೆಗೆ ಎದುರಾಗಿ, ಮೈದಾನದ ನಡುವೆ, ಸುತ್ತ ಕಟಕಟೆ ಕಟ್ಟಿದ ಒಂದು ಚಪ್ಪರವಿರುತ್ತದೆ. ಅದರೊಳಗೆ ಮಿಕ್ಸರ್ ಇಟ್ಟುಕೊಂಡು ಸೌಂಡ್ ಎಂಜಿನಿಯರ್ ನಿಂತಿರುತ್ತಾರೆ. ಇಡೀ ಕಾರ್ಯಕ್ರಮದ ಶಬ್ದವನ್ನು ಅವರು ತಾವು ನಿಂತ ಜಾಗದಲ್ಲಿ ಕೇಳಿಯೇ ಹದಗೊಳಿಸುತ್ತಾರೆ. ಆದ್ದರಿಂದ ಆ ಚಪ್ಪರದ ಅಕ್ಕಪಕ್ಕ ಅಥವಾ ಅದರ ತುಸು ಹಿಂದೆ ನಿಂತರೆ ಗಿಟಾರ್, ಡ್ರಮ್, ಗಾಯನ ಎಲ್ಲವೂ ಬೇರೆಬೇರೆಯಾಗಿ, ಸ್ಪಷ್ಟವಾಗಿ ಕೇಳುತ್ತವೆ. ತೀರ ಮುಂದೆ ಹೋದವರಿಗೆ ನೆಲದ ಮೇಲಿನ ದೊಡ್ಡ ಬೇಸ್ ಪೆಟ್ಟಿಗೆಗಳ ಹೊಡೆತ ಎದೆಗೆ ತಾಗುತ್ತದೆಯೇ ಹೊರತು ಹಾಡಿನ ಮಾತು ಸರಿಯಾಗಿ ಕೇಳುವುದಿಲ್ಲ. ತೀರ ಹಿಂದೆ ಹೋದರೆ ಇನ್ನೊಂದು ತೊಂದರೆ: ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಚಲಿಸುವುದರಿಂದ, ನೂರು ಮೀಟರ್ ದೂರದಲ್ಲಿದ್ದವರಿಗೆ ಡ್ರಮ್ ಬಾರಿಸುವ ಕೈ ಮೊದಲು ಕಂಡು ಪೆಟ್ಟು ಆಮೇಲೆ ಕೇಳುತ್ತದೆ. ದೊಡ್ಡ ಬಯಲುಗಳಲ್ಲಿ ಹಿಂದಿನವರಿಗಾಗಿ ಬೇರೆ ಸ್ಪೀಕರ್ ಕಂಬಗಳನ್ನು ನಿಲ್ಲಿಸಿ, ಅವುಗಳ ಶಬ್ದವನ್ನು ಲೆಕ್ಕಹಾಕಿ ತಡಮಾಡಿ ಬಿಡುತ್ತಾರೆ. ಆ ಕೆಲಸವನ್ನು ಚೆನ್ನಾಗಿ ಮಾಡಿದ್ದರೆ ಕೈಮುಗಿಯಬೇಕು ಎನಿಸುತ್ತದೆ.

ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿದರೆ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ, ಆದರೆ ಅದು ಕಿವಿ ಕೊಟ್ಟ ಎಚ್ಚರಿಕೆ ಎಂದೇ ತಿಳಿಯಬೇಕು. ಇಳಿಯದಿದ್ದರೆ ಬೀದರಿನ ಬ್ರಿಮ್ಸ್ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ತೋರಿಸಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೇ ಹೋದರೆ ಮಾತ್ರ ಒಂದು ದಿನವೂ ಕಾಯಬಾರದು.

ಉತ್ತರ: ಯಾದಗಿರಿಯಿಂದ, ಇಬ್ಬರು ಮಕ್ಕಳ ತಾಯಿ

ಗುರುಗಳೇ, ನಿಮ್ಮ ಮನೆಯವರ ಚಿಂತೆಗೆ ನಾನು ಉತ್ತರ ಕೊಡಬಯಸುತ್ತೇನೆ, ಏಕೆಂದರೆ ಹಿರಿಯ ಮಗನನ್ನು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿ ಇಂಥದೇ ಕಾರ್ಯಕ್ರಮ ತೋರಿಸಿಕೊಂಡು ಬಂದವಳು ನಾನು. ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಹೇಳಿದಂತೆ ಇದನ್ನು ಅವರಿಗೆ ಓದಿ ಹೇಳಿ.

ಚಿನ್ನಸ್ವಾಮಿಯ ದುರಂತ ನಡೆದದ್ದು ಕ್ರೀಡಾಂಗಣದ ಒಳಗಲ್ಲ, ಬಾಗಿಲುಗಳ ಹೊರಗೆ. 2023ರ ನವೆಂಬರಿನಲ್ಲಿ ಕೊಚ್ಚಿಯ ವಿಶ್ವವಿದ್ಯಾಲಯವೊಂದರ ಸಂಗೀತ ಕಾರ್ಯಕ್ರಮದಲ್ಲಿ ನಾಲ್ವರು ತೀರಿಕೊಂಡಾಗಲೂ, ಮಳೆ ಬಂತೆಂದು ಹೊರಗಿದ್ದವರು ಒಮ್ಮೆಲೇ ಒಳಗೆ ನುಗ್ಗಿದ ಹೊತ್ತಿನಲ್ಲಿ ಮೆಟ್ಟಿಲುಗಳ ಬಳಿ ಅದು ನಡೆಯಿತು. ಆದ್ದರಿಂದ ಎಚ್ಚರ ಬೇಕಾದದ್ದು ಹಾಡು ನಡೆಯುವಾಗಿಗಿಂತ ಒಳಗೆ ಹೋಗುವಾಗ ಮತ್ತು ಹೊರಗೆ ಬರುವಾಗ. ಬಾಗಿಲು ತೆರೆದ ಕೂಡಲೇ ನುಗ್ಗುವವರ ಜೊತೆ ಸೇರಬೇಡಿ, ಹಾಗೆಂದು ತೀರ ಕೊನೆಯ ಗಳಿಗೆಗೂ ಹೋಗಬೇಡಿ. ಮುಖ್ಯ ತಂಡ ಬರುವುದಕ್ಕೆ ಒಂದೆರಡು ಗಂಟೆ ಮೊದಲು ಸಾಲು ತೆಳುವಾಗಿರುತ್ತದೆ. ಒಳಗೆ ಕಾಲಿಟ್ಟೊಡನೆ ನೀವು ಬಂದ ಬಾಗಿಲನ್ನು ಬಿಟ್ಟು ಬೇರೆ ಎರಡು ಬಾಗಿಲುಗಳು ಎಲ್ಲಿವೆ ಎಂದು ಮಗಳೊಂದಿಗೆ ನಡೆದು ನೋಡಿಕೊಳ್ಳಿ. ಮಳೆ ಬಂದರೆ ನೆನೆಯಿರಿ, ಓಡಬೇಡಿ.

ಒಂದು ಚದರ ಮೀಟರಿನಲ್ಲಿ 5 ಜನರಿಗಿಂತ ಹೆಚ್ಚಾದರೆ ಗುಂಪು ತನ್ನ ಹಿಡಿತದಲ್ಲಿ ತಾನಿರುವುದಿಲ್ಲ ಎಂದು ಈ ವಿಷಯವನ್ನು ಅಭ್ಯಾಸ ಮಾಡಿದವರು ಹೇಳುತ್ತಾರೆ. ನಿಮ್ಮ ಕೈಯನ್ನು ಮುಖದವರೆಗೆ ಎತ್ತಲು ಕಷ್ಟವಾಗುವಷ್ಟು ಜನ ಒತ್ತಿಕೊಂಡರೆ ಅಲ್ಲಿಂದ ಹೊರಡುವ ಹೊತ್ತು ಬಂದಿತೆಂದು ತಿಳಿಯಿರಿ. ಎರಡೂ ಮೊಳಕೈಗಳನ್ನು ಮಡಿಸಿ ಎದೆಯ ಮುಂದೆ ಹಿಡಿದು ಉಸಿರಾಡಲು ಜಾಗ ಉಳಿಸಿಕೊಳ್ಳಬೇಕು, ಒತ್ತಡಕ್ಕೆ ಎದುರಾಗಿ ನೂಕದೆ ಅದು ಸಡಿಲವಾದಾಗಲೆಲ್ಲ ಓರೆಯಾಗಿ ಅಂಚಿನ ಕಡೆಗೆ ಸರಿಯಬೇಕು, ಕೆಳಗೆ ಬಿದ್ದದ್ದು ಮೊಬೈಲೇ ಆದರೂ ಬಗ್ಗಬಾರದು. ಇದನ್ನು ಮಗಳಿಗೆ ಮನೆಯಲ್ಲಿಯೇ ಒಮ್ಮೆ ಮಾಡಿ ತೋರಿಸಿ.

ತಂದೆ ಮಗಳು ಹೋಗುವಾಗ ಒಂದು ವಿಷಯ ಬಹಳ ಮುಖ್ಯ. ತಪಾಸಣೆಯಲ್ಲಿ ಹೆಂಗಸರ ಸಾಲು ಬೇರೆ, ಗಂಡಸರ ಸಾಲು ಬೇರೆ. ನೀವಿಬ್ಬರೂ ಅಲ್ಲಿ ಬೇರೆಯಾಗುತ್ತೀರಿ, ಆ ಹೊತ್ತಿಗೆ ಮೊಬೈಲ್ ನೆಟ್‌ವರ್ಕ್ ಕೈಕೊಟ್ಟಿರುತ್ತದೆ. ಹೆಂಗಸರ ಸಾಲು ಸಾಮಾನ್ಯವಾಗಿ ಚಿಕ್ಕದಿರುವುದರಿಂದ ಅವಳೇ ಮೊದಲು ಒಳಗೆ ಹೋಗಿರುತ್ತಾಳೆ. ತಪಾಸಣೆ ದಾಟಿದ ಜಾಗದಲ್ಲಿಯೇ ನಿಂತು ಕಾಯಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಟಿಕೆಟ್ ಮತ್ತು ಆಧಾರ್ ಇಬ್ಬರ ಬಳಿಯೂ ಬೇರೆಬೇರೆಯಾಗಿರಲಿ, ಟಿಕೆಟನ್ನು ಮುಂಚೆಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ನಿಮ್ಮ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅವಳ ಕಿಸೆಯಲ್ಲಿಡಿ. ಟಿಕೆಟಿನ ಪುಟದಲ್ಲಿ ವಯಸ್ಸಿನ ನಿಯಮವನ್ನು ಓದಿ. ಮದ್ಯ ಕೊಡುವ ವಿಭಾಗಗಳಿಗೆ ಮಕ್ಕಳನ್ನು ಬಿಡುವುದಿಲ್ಲ, ತೆಲಂಗಾಣದಲ್ಲಿ ಅದಕ್ಕೆ 21 ವರ್ಷ ತುಂಬಿರಬೇಕು. ಪವರ್ ಬ್ಯಾಂಕ್, ನೀರಿನ ಬಾಟಲಿ, ಊಟದ ಬುತ್ತಿಯನ್ನು ಹಲವು ಕಡೆ ಬಾಗಿಲಲ್ಲೇ ತೆಗೆದಿಡಿಸುತ್ತಾರೆ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ ಹೊರಗೇ ಹೊಟ್ಟೆ ತುಂಬಾ ಉಂಡು ಒಳಗೆ ಹೋಗಿ. ಕಾಲಿಗೆ ಬೂಟು ಇರಲಿ, ಚಪ್ಪಲಿ ಬೇಡ.

ರಾತ್ರಿಯ ವಿಷಯ. ಬಯಲಿನಲ್ಲಿ ಧ್ವನಿವರ್ಧಕಗಳಿಗೆ ರಾತ್ರಿ 10ರ ಗಡಿಯನ್ನು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳೇ ಹಾಕಿವೆ, ಅವು ದೇಶಕ್ಕೆಲ್ಲ ಅನ್ವಯಿಸುತ್ತವೆ. ಆದ್ದರಿಂದ ಕಾರ್ಯಕ್ರಮ ಸಾಮಾನ್ಯವಾಗಿ 10ಕ್ಕೆ ಮುಗಿಯುತ್ತದೆ, ನೀವು ರಸ್ತೆಗೆ ಬರುವಾಗ 11 ಆಗುತ್ತದೆ. ಆ ಹೊತ್ತಿನಲ್ಲಿ ಭಾಲ್ಕಿಗೆ ಹೊರಡುವ ಯೋಚನೆ ಮಾಡಬೇಡಿ. ಬೀದರ್ ಕಡೆಯಿಂದ ಜಹೀರಾಬಾದ್, ಸಂಗಾರೆಡ್ಡಿ ದಾಟಿ ಬರುವವರಿಗೆ ಪಟಾನ್‌ಚೆರು ಬಳಿಯ ಹೊರವರ್ತುಲ ರಸ್ತೆ ಹಿಡಿದರೆ ಊರೊಳಗೆ ಹೋಗದೆಯೇ ಗಚ್ಚಿಬೌಲಿ ಸಿಗುತ್ತದೆ, ಆದ್ದರಿಂದ ಆ ಭಾಗದಲ್ಲಿಯೇ ಬಂಧುಗಳ ಮನೆಯಲ್ಲಿ ಅಥವಾ ವಸತಿಗೃಹದಲ್ಲಿ ಒಂದು ರಾತ್ರಿ ಉಳಿದು ಬೆಳಿಗ್ಗೆ ಹೊರಡಿ.

ಉತ್ತರ: ಚಿತ್ತಾಪುರದಿಂದ, ನಿವೃತ್ತ ನೌಕರ

ಶಿಕ್ಷಕರು ಬೇಸರಪಟ್ಟುಕೊಳ್ಳಬಾರದು. ಎರಡು ಟಿಕೆಟ್, ಪ್ರಯಾಣ, ವಸತಿ ಎಲ್ಲ ಸೇರಿದರೆ ಒಂದು ಮಧ್ಯಮ ಕುಟುಂಬಕ್ಕೆ ಇದು ಸಣ್ಣ ಖರ್ಚಲ್ಲ, ಮತ್ತು ಪಿಯುಸಿ ಎಂದರೆ ಮಕ್ಕಳ ಮುಂದಿನ ದಾರಿ ತೀರ್ಮಾನವಾಗುವ ಕಾಲ. ಕಲಬುರಗಿಯಲ್ಲಿ ಖಾಜಾ ಬಂದೇನವಾಜರ ಉರುಸಿನಲ್ಲಿ ಕವ್ವಾಲಿ ಕೇಳಬಹುದು, ಶರಣಬಸವೇಶ್ವರರ ಜಾತ್ರೆಯಲ್ಲಿ ಭಜನೆ ಕೇಳಬಹುದು, ಯಾವುದಕ್ಕೂ ಟಿಕೆಟ್ ಇಲ್ಲ. ಮಗುವಿನ ಕಿವಿಗೆ ರಕ್ಷಣೆ ಕೊಟ್ಟು ಕೇಳಿಸಬೇಕಾದ ಸಂಗೀತವನ್ನು ಕೇಳಿಸಲೇಬೇಕೇ ಎಂದು ಒಮ್ಮೆ ಯೋಚಿಸಿ. ಹಿರಿಯನಾಗಿ ಇಷ್ಟು ಹೇಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಉತ್ತರ: ಸೇಡಂ ಮೂಲದವನು, ಈಗ ಹೈದರಾಬಾದಿನಲ್ಲಿ ಉದ್ಯೋಗಿ, ಗಿಟಾರ್ ವಾದಕ

ಗುರುಗಳಿಗೆ ನಮಸ್ಕಾರ, ಚಿತ್ತಾಪುರದ ಹಿರಿಯರಿಗೂ ನಮಸ್ಕಾರ. ಹಿರಿಯರೇ, ಖರ್ಚಿನ ಮಾತು ನಿಜ, ಅದನ್ನು ಅವರವರ ಮನೆಯವರೇ ತೀರ್ಮಾನಿಸಬೇಕು. ಆದರೆ ಕವ್ವಾಲಿ ಅಥವಾ ರಾಕ್, ಎರಡರಲ್ಲಿ ಒಂದು ಎಂದು ಆಯ್ದುಕೊಳ್ಳಬೇಕಾದ ಅಗತ್ಯ ನನಗಂತೂ ಕಂಡಿಲ್ಲ. ಉರುಸಿನ ಕವ್ವಾಲಿಯಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತ ಇಡೀ ಸಭೆಯನ್ನು ಏರಿಸುವ ಬಗೆಯನ್ನು ಕೇಳಿ ಬೆಳೆದ ಕಿವಿಯೇ ನನಗೆ ಗಿಟಾರಿನಲ್ಲೂ ನೆರವಾಯಿತು. ಜಾತ್ರೆಯ ಧ್ವನಿವರ್ಧಕದ ಮುಂದೆ ನಿಂತರೂ ಕಿವಿಗೆ ಅಪಾಯ ಇದ್ದದ್ದೇ, ಅದು ರಾಕ್ ಸಂಗೀತಕ್ಕೆ ಮಾತ್ರ ಅಂಟಿದ ದೋಷವಲ್ಲ.

ಗುರುಗಳೇ, ನೀವು ಹಾರ್ಮೋನಿಯಂ ನುಡಿಸುವವರೆಂದು ತಿಳಿದು ನನಗೆ ಬಹಳ ಸಂತೋಷವಾಯಿತು, ಏಕೆಂದರೆ ನಿಮಗೆ ಇದನ್ನು ಸ್ವರಗಳ ಮೂಲಕವೇ ಹೇಳಬಹುದು. ಮೆಟಲ್ ಗಿಟಾರಿನಿಂದ ಬರುವ ಆ ದಪ್ಪ, ಗರಗರ ದನಿ ಬಹುಪಾಲು ಎರಡೇ ಸ್ವರಗಳದು: ಷಡ್ಜ ಮತ್ತು ಪಂಚಮ. ನಿಮ್ಮ ಶ್ರುತಿಯಲ್ಲಿ ಇರುವುದೂ ಅವೇ. ಗಿಟಾರಿನ ಆಂಪ್ಲಿಫೈಯರನ್ನು ಅದರ ಮಿತಿಗಿಂತ ಹೆಚ್ಚು ದುಡಿಸಿದಾಗ ದನಿ ಒಡೆದು, ಮೂಲದಲ್ಲಿಲ್ಲದ ಅನೇಕ ಮೇಲುಸ್ವರಗಳು ಹುಟ್ಟಿಕೊಳ್ಳುತ್ತವೆ. ಆ ಸ್ಥಿತಿಯಲ್ಲಿ ಗಾಂಧಾರವನ್ನೂ ಸೇರಿಸಿ ನುಡಿಸಿದರೆ ಸ್ವರಗಳು ಒಂದಕ್ಕೊಂದು ತಿಕ್ಕಿ ಕಲಸಿಹೋಗುತ್ತವೆ. ಸ ಮತ್ತು ಪ ಮಾತ್ರ ನುಡಿಸಿದರೆ ಎಷ್ಟು ಒಡೆದರೂ ನಾದ ಗಟ್ಟಿಯಾಗಿ ನಿಲ್ಲುತ್ತದೆ. ಈ ಎರಡು ಸ್ವರಗಳ ಜೋಡಿಗೆ ಪವರ್ ಕಾರ್ಡ್ ಎನ್ನುತ್ತಾರೆ. ಮಗಳಿಗೆ ಅದನ್ನು ನುಡಿಸಲು ಹೇಳಿ, ನೀವು ಹಾರ್ಮೋನಿಯಂನಲ್ಲಿ ಅದೇ ಸ, ಪ ಹಿಡಿದು ನೋಡಿ.

ಗಿಟಾರ್ ವಾದಕ ಮುಂದೆ ಬಂದು ಒಬ್ಬನೇ ನುಡಿಸುವ ಭಾಗದಲ್ಲಿ ಹೆಚ್ಚಾಗಿ ಕೇಳಿಬರುವುದು ಐದು ಸ್ವರಗಳ ಒಂದು ಶ್ರೇಣಿ: ಸ, ಕೋಮಲ ಗ, ಮ, ಪ, ಕೋಮಲ ನಿ. ಹಿಂದುಸ್ತಾನಿಯವರಿಗೆ ಇವು ಧಾನಿ ರಾಗದ ಸ್ವರಗಳು. ರಾಗದ ಚಲನೆ, ನ್ಯಾಸ ಅಲ್ಲಿರುವುದಿಲ್ಲ, ಆದರೆ ಸ್ವರಗಳ ಮನೆ ನಿಮಗೆ ಪರಿಚಿತವಾದದ್ದು. ತಂತಿಯನ್ನು ಬೆರಳಿನಿಂದ ಅಡ್ಡಲಾಗಿ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದನ್ನು ಕೇಳಿದರೆ, ಹಾರ್ಮೋನಿಯಂನಲ್ಲಿ ಸಾಧ್ಯವಾಗದ ಮೀಂಡ್ ಅಲ್ಲಿರುವುದು ನಿಮಗೆ ತಿಳಿಯುತ್ತದೆ. ತಾಳ ಬಹುತೇಕ ನಾಲ್ಕು ಮಾತ್ರೆಗಳದು. ಎರಡನೆಯ ಮತ್ತು ನಾಲ್ಕನೆಯ ಮಾತ್ರೆಗಳಿಗೆ ಜೋರಾದ ಪೆಟ್ಟು ಬೀಳುತ್ತದೆ. ನಮ್ಮ ಕೈ ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಒತ್ತು ಕೊಟ್ಟು ರೂಢಿಯಾಗಿರುವುದರಿಂದ ಮೊದಮೊದಲು ಚಪ್ಪಾಳೆ ತಪ್ಪಿದಂತೆನಿಸುತ್ತದೆ, ಸ್ವಲ್ಪ ಹೊತ್ತಿನಲ್ಲಿ ಹೊಂದಿಕೊಳ್ಳುತ್ತದೆ. ಮೊದಲು ಬೇಸ್ ಗಿಟಾರನ್ನು ಹುಡುಕಿ ಹಿಡಿಯಿರಿ. ಡ್ರಮ್ಮನ್ನೂ ಗಿಟಾರನ್ನೂ ಕಟ್ಟಿಹಾಕುವುದು ಅದೇ. ಅದು ಕಿವಿಗೆ ಸಿಕ್ಕಿತೆಂದರೆ ಅಬ್ಬರವೆಲ್ಲ ಒಂದೊಂದಾಗಿ ತನ್ನ ಸ್ಥಾನಕ್ಕೆ ಬರುತ್ತದೆ.

ಆ ದನಿ ಅಷ್ಟು ಭಾರವಾಗಿ ಏಕಿದೆ ಎಂಬುದಕ್ಕೂ ಒಂದು ಹಿನ್ನೆಲೆಯಿದೆ. ಮೆಟಲ್ ಸಂಗೀತಕ್ಕೆ ಅಡಿಪಾಯ ಹಾಕಿದ ಬ್ಲ್ಯಾಕ್ ಸಬಾತ್ ತಂಡ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಎಂಬ ಕಾರ್ಖಾನೆಗಳ ಊರಿನದು. ಅದರ ಗಿಟಾರ್ ವಾದಕ ಟೋನಿ ಅಯೋಮಿ ಹದಿಹರೆಯದಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಅವರು ಎಡಗೈ ವಾದಕರಾದ್ದರಿಂದ ತಂತಿಯನ್ನು ಒತ್ತುವ ಬೆರಳುಗಳೇ ಅವು. ಬೆರಳಿಗೆ ತಾವೇ ಟೋಪಿ ಮಾಡಿ ತೊಡಿಸಿಕೊಂಡು, ಹಗುರವಾದ ತಂತಿ ಹಾಕಿ, ಮುಂದೆ ಶ್ರುತಿಯನ್ನೂ ಇಳಿಸಿ ನುಡಿಸಿದರು. ತಂಡದ ಮೊದಲ ಆಲ್ಬಂ 1970ರಲ್ಲಿ ಬಂತು. ಸಿಮೆಂಟ್ ಕಾರ್ಖಾನೆಗಳ ನಡುವೆ ಬೆಳೆದ ಸೇಡಂನ ಹುಡುಗನಾದ ನನಗೆ ಈ ಸಂಗತಿ ತಿಳಿದಾಗ ಆ ಸಂಗೀತ ನನ್ನದೇ ಎನಿಸಿತ್ತು.

ತಲೆಬುರುಡೆಗಳಿಗೆ ನೀವು ಹೆದರಬೇಕಾಗಿಲ್ಲ. ಐರನ್ ಮೇಡನ್ ತಂಡದ ಅಂಗಿಗಳ ಮೇಲಿರುವ ಅಸ್ಥಿಪಂಜರದಂಥ ಆಕೃತಿಗೆ ಎಡ್ಡಿ ಎಂದು ಹೆಸರು, ಅದು ಆ ತಂಡದ ಲಾಂಛನ. ಅದೇ ತಂಡ 1984ರ ತನ್ನ ಆಲ್ಬಮ್ಮಿನಲ್ಲಿ ಕವಿ ಕೋಲರಿಜ್‌ನ ದೀರ್ಘ ಕಥನಕವನವೊಂದನ್ನು ಆಧರಿಸಿ 13 ನಿಮಿಷಕ್ಕೂ ಮೀರಿದ ಹಾಡು ಮಾಡಿದೆ. ಭಾಷಾ ಶಿಕ್ಷಕರಾದ ನಿಮಗೆ ಮಗಳು ಅದನ್ನು ಕೇಳಿಸಿದರೆ ಮಾತಾಡಲು ಬಹಳ ವಿಷಯ ಸಿಗುತ್ತದೆ. ಜನ ತೋರುಬೆರಳನ್ನೂ ಕಿರುಬೆರಳನ್ನೂ ಎತ್ತಿ ಕೈ ಬೀಸುವುದನ್ನು ನೋಡುತ್ತೀರಿ. ಅದನ್ನು ಈ ಸಂಗೀತದಲ್ಲಿ ಬಳಕೆಗೆ ತಂದವರು ಗಾಯಕ ರಾನಿ ಜೇಮ್ಸ್ ಡಿಯೊ, ಮತ್ತು ಅವರೇ ಹೇಳಿರುವಂತೆ ಅದು ಇಟಲಿ ಮೂಲದ ಅವರ ಅಜ್ಜಿ ಕೆಟ್ಟ ದೃಷ್ಟಿ ತಾಗದಿರಲೆಂದು ಹಿಡಿಯುತ್ತಿದ್ದ ಮುದ್ರೆ.

ಉಳಿದಿರುವ ದಿನಗಳಲ್ಲಿ ಆ ಸಂಜೆ ನುಡಿಸುವ ತಂಡದ ಇತ್ತೀಚಿನ ಕಾರ್ಯಕ್ರಮಗಳ ಹಾಡುಗಳ ಪಟ್ಟಿಯನ್ನು ಮಗಳಿಂದ ಕೇಳಿ ಪಡೆದು ದಿನಕ್ಕೊಂದು ಕೇಳಿ. ನಡುವೆ ಬೆಂಗಳೂರಿನ ಆಗಮ್ ತಂಡವನ್ನು ಕೇಳಿದರೆ ಕರ್ನಾಟಕ ಸಂಗೀತದ ಕೃತಿಗಳು ರಾಕ್ ವಾದ್ಯಗಳ ಜೊತೆ ಹೇಗೆ ನಿಲ್ಲುತ್ತವೆ ಎಂಬುದು ಕಾಣುತ್ತದೆ. ರಘು ದೀಕ್ಷಿತ್ ತಮ್ಮ ತಂಡದೊಂದಿಗೆ ಶರೀಫರ ಪದಗಳನ್ನು ಹಾಡಿದ್ದಾರೆ, ಅವುಗಳ ಸಾಹಿತ್ಯ ನಿಮಗೆ ಬಾಯಿಪಾಠವೇ ಇರುವುದರಿಂದ ನಿಮ್ಮ ಕಿವಿ ವಾದ್ಯಗಳ ಕಡೆಗೆ ತಿರುಗಲು ಬಿಡುವು ಸಿಗುತ್ತದೆ. ಮಗಳು ಹಾಡು ಕೇಳುವಾಗ ಅವಳ ಮುಖ ನೋಡುತ್ತ ನಿಲ್ಲಬೇಡಿ, ವೇದಿಕೆಯನ್ನು ನೋಡಿ. ನನ್ನ ತಾಯಿ ನನ್ನ ಜೊತೆ ಬಂದಾಗ ಹಾಗೆಯೇ ಮಾಡಿದ್ದರು, ಮರಳಿ ಬರುವ ದಾರಿಯಲ್ಲಿ ಡ್ರಮ್ ಬಾರಿಸಿದ ಹುಡುಗನ ಕೈಚಳಕವನ್ನು ಅವರೇ ವರ್ಣಿಸಿದರು. ಆಮೇಲೆ ನಮ್ಮಿಬ್ಬರ ನಡುವೆ ಸಂಗೀತದ ಮಾತು ನಿಂತದ್ದೇ ಇಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಅನಂತ ವಂದನೆಗಳು. ಚಿತ್ತಾಪುರದ ಹಿರಿಯರ ಮಾತಿನ ಹಿಂದಿನ ಕಾಳಜಿ ನನಗೆ ತಿಳಿದಿದೆ. ಖರ್ಚನ್ನು ನಾವು ಮನೆಯವರೆಲ್ಲ ಕೂತು ಯೋಚಿಸಿಯೇ ಒಪ್ಪಿದ್ದೇವೆ, ಪರೀಕ್ಷೆಗಳೂ ಆ ತಿಂಗಳಲ್ಲಿಲ್ಲ. ನಿನ್ನೆ ರಾತ್ರಿ ಮಗಳ ಗಿಟಾರಿನ ಜೊತೆ ಹಾರ್ಮೋನಿಯಂನಲ್ಲಿ ಸ, ಪ ಹಿಡಿದು ನೋಡಿದೆ. ಅವಳು ಶ್ರುತಿ ಕೂಡಿಸಿಕೊಂಡು ನುಡಿಸುತ್ತಿದ್ದ ಹಾಗೆ ನನ್ನ ಬಲಗೈ ತಾನಾಗಿಯೇ ಧಾನಿಯ ಸ್ವರಗಳಿಗೆ ಹೋಯಿತು, ಬಹಳ ಹೊತ್ತು ನುಡಿಸಿದೆವು. ಯಾದಗಿರಿಯ ತಾಯಿಯವರು ಬರೆದದ್ದನ್ನು ಮನೆಯವರಿಗೆ ಓದಿ ಹೇಳಿದೆ, ಅವರು ಎರಡು ಸಲ ಓದಿಸಿದರು.

ಇನ್ನೊಂದು ಸಂದೇಹ. ನಮ್ಮ ಟಿಕೆಟ್ ನಿಂತು ಕೇಳುವ ವಿಭಾಗದ್ದು. ಮಗಳಿಗೆ ಒಂದೆರಡು ಹಾಡುಗಳನ್ನಾದರೂ ವೇದಿಕೆಯ ಹತ್ತಿರ ಹೋಗಿ ಕೇಳಬೇಕೆಂಬ ಹಂಬಲವಿದೆ, ನನಗೆ ಮೊಣಕಾಲು ನೋವಿರುವುದರಿಂದ ಅಲ್ಲಿ ನೂಕಾಟದಲ್ಲಿ ನಿಲ್ಲಲಾರೆ. ಅವಳನ್ನು ಒಬ್ಬಳನ್ನೇ ಮುಂದಕ್ಕೆ ಕಳುಹಿಸಬಹುದೇ?

ಉತ್ತರ: ಯಾದಗಿರಿಯಿಂದ, ಇಬ್ಬರು ಮಕ್ಕಳ ತಾಯಿ

ನಡುಭಾಗಕ್ಕೆ ಕಳುಹಿಸಬೇಡಿ. ಮುಂದಿನ ನಡುವಿನಲ್ಲಿಯೇ ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ಕುಣಿಯುವ ಸುತ್ತು ಏಳುವುದು. ಅದರಲ್ಲಿ ಬಿದ್ದವರನ್ನು ಕೂಡಲೇ ಎತ್ತಿ ನಿಲ್ಲಿಸುವ ಒಳ್ಳೆಯ ರೂಢಿ ಇದೆ ಎಂಬುದು ನಿಜವಾದರೂ ಮೊದಲ ಸಲ ಬಂದ ಹುಡುಗಿಗೆ ಅದು ಜಾಗವಲ್ಲ.

ಉತ್ತರ: ಕಲಬುರಗಿಯಿಂದ, ಸೌಂಡ್ ಸಿಸ್ಟಮ್ ವೃತ್ತಿಯವರು

ಅಕ್ಕನವರ ಮಾತು ಸರಿ, ಆದರೆ ಮುಂದೆ ಹೋಗಲೇಬಾರದೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಗಿಟಾರ್ ಕಲಿಯುವವಳು ವಾದಕನ ಬೆರಳುಗಳನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಬೇಕು. ಮುಖ್ಯ ತಂಡಕ್ಕಿಂತ ಮೊದಲು ಚಿಕ್ಕ ತಂಡಗಳು ನುಡಿಸುತ್ತವೆ. ಆಗ ಮುಂದಿನ ಜಾಗ ಸಡಿಲವಾಗಿರುತ್ತದೆ, ಕುಣಿತದ ಸುತ್ತುಗಳೂ ಎದ್ದಿರುವುದಿಲ್ಲ. ಆ ಹೊತ್ತಿನಲ್ಲಿ ನೀವಿಬ್ಬರೂ ಕೂಡಿಯೇ ಅಂಚಿನ ಕಡೆಯಿಂದ, ಸ್ಪೀಕರ್ ಗೋಪುರದ ನೇರಕ್ಕೆ ನಿಲ್ಲದಂತೆ ನೋಡಿಕೊಂಡು, ಮುಂದಿನ ಕಟಕಟೆಯ ಹತ್ತಿರದವರೆಗೆ ಹೋಗಿ ಬರಬಹುದು. ಇಯರ್‌ಪ್ಲಗ್ ಕಿವಿಯಲ್ಲಿಯೇ ಇರಲಿ. ಮುಖ್ಯ ತಂಡ ವೇದಿಕೆಗೆ ಬರುವ ಮುನ್ನ ವಾದ್ಯಗಳನ್ನು ಬದಲಿಸಲು ಸುಮಾರು ಅರ್ಧ ಗಂಟೆ ತೆಗೆದುಕೊಳ್ಳುತ್ತಾರೆ, ಆ ಬಿಡುವಿನಲ್ಲಿ ಹಿಂದಕ್ಕೆ ಬಂದು ಮಿಕ್ಸರ್ ಚಪ್ಪರದ ಕಟಕಟೆಗೆ ಒರಗಿ ನಿಂತುಕೊಂಡರೆ ನಿಮ್ಮ ಮೊಣಕಾಲಿಗೂ ಆಧಾರವಾಗುತ್ತದೆ.